ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್, ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ಮೇಡಂ, ನನಗೆ 61 ವರ್ಷ. ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ಮೂರು ವರ್ಷದಿಂದ ಒಂದಕ್ಕೆ ಅವಸರವಾದರೆ ತಡೆದುಕೊಳ್ಳಲು ಆಗುತ್ತಿಲ್ಲ. ಹೊರಗಿನಿಂದ ಬಂದು ಬಾಗಿಲ ಬೀಗ ತೆಗೆಯುವಷ್ಟರಲ್ಲೇ ಸೀರೆ ಒದ್ದೆಯಾಗುತ್ತದೆ. ರಾತ್ರಿ ನಾಲ್ಕು ಸಲ ಏಳುತ್ತೇನೆ. ಎರಡು ಥರದ ಮಾತ್ರೆ ತಗೊಂಡೆ. ಒಂದರಿಂದ ಬಾಯಿ ಒಣಗಿ ಅನ್ನ ನುಂಗುವುದೂ ಕಷ್ಟವಾಯಿತು, ಮಲಬದ್ಧತೆ ಬೇರೆ. ಇನ್ನೊಂದರಿಂದ ಅಷ್ಟೇನೂ ಗುಣ ಕಾಣಲಿಲ್ಲ. ಈಗ ಡಾಕ್ಟರು ಮೂತ್ರಕೋಶಕ್ಕೇ ಬೊಟಾಕ್ಸ್ ಇಂಜೆಕ್ಷನ್ ಕೊಡೋಣ ಅನ್ನುತ್ತಿದ್ದಾರೆ. 'ಅದು ಮುಖದ ಸುಕ್ಕಿಗೆ ಹಾಕೋ ವಿಷ, ಬೇಡ ಅತ್ತೆ' ಅಂತ ಸೊಸೆ ಹೇಳುತ್ತಾಳೆ. ನನಗೆ ಶುಗರ್ ಕೂಡ ಇದೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಸೊಸೆಯ ಮಾತನ್ನೇ ತೆಗೆದುಕೊಳ್ಳೋಣ. ವಿಷ ಅಂತ ಅವರು ಹೇಳಿದ್ದು ನಿಜ. ಸುಮಾರು ಇನ್ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಕೆಟ್ಟ ಸಾಸೇಜ್ ತಿಂದ ಜನ ಕೈಕಾಲಿನ ಶಕ್ತಿ ಕಳೆದುಕೊಂಡು ಸಾಯುತ್ತಿದ್ದರು. ಅಲ್ಲಿನ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯರು 1820ರ ಹೊತ್ತಿಗೆ ಆ ವಿಷವನ್ನು ಅಭ್ಯಾಸ ಮಾಡಿ, ಇದನ್ನೇ ತೀರಾ ಸ್ವಲ್ಪ ಕೊಟ್ಟರೆ ಅತಿಯಾಗಿ ಕೆಲಸ ಮಾಡುವ ನರಗಳು ಶಾಂತವಾಗಬಹುದು ಎಂದು ಆಗಲೇ ಊಹಿಸಿದ್ದರು. ಬೊಟಾಕ್ಸ್ ಅಂದರೆ ಅದೇ ವಿಷದಿಂದ ಮಾಡಿದ ಔಷಧಿ. ಅಮೆರಿಕದಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು 1989ರಲ್ಲಿ, ಮೆಳ್ಳೆಗಣ್ಣು ಮತ್ತು ರೆಪ್ಪೆ ಬಿಗಿಯುವ ಕಾಯಿಲೆಗೆ. ಮುಖದ ಸುಕ್ಕಿಗೆ ಅನುಮತಿ ಬಂದಿದ್ದು ಆಮೇಲೆ, 2002ರಲ್ಲಿ. ನಿಮ್ಮಂಥವರ ಅವಸರದ ಮೂತ್ರಕ್ಕೆ 2013ರಲ್ಲಿ. ಹಾಗಾಗಿ ಇದು ಬ್ಯೂಟಿ ಪಾರ್ಲರಿನಿಂದ ಆಸ್ಪತ್ರೆಗೆ ಬಂದ ಔಷಧಿ ಅಲ್ಲ ಅಂತ ಸೊಸೆಗೆ ಧೈರ್ಯವಾಗಿ ಹೇಳಿ.

ಇನ್ನು ಇದು ಒಳಗೆ ಏನು ಮಾಡುತ್ತದೆ? ಮೂತ್ರಕೋಶದ ಗೋಡೆ ಅಂದರೆ ಒಂದು ಸ್ನಾಯು. ಮೂತ್ರ ತುಂಬುವಾಗ ಅದು ಸಡಿಲವಾಗಿ ಸುಮ್ಮನಿರಬೇಕು, ನಾವು ಕೂತ ಮೇಲೆ ಹಿಂಡಬೇಕು. ನಿಮ್ಮದು ಅರ್ಧ ತುಂಬುವ ಮೊದಲೇ ತಾನಾಗಿ ಹಿಂಡುತ್ತಿದೆ. ಬೀಗಕ್ಕೆ ಕೀಲಿ ಹಾಕುವಾಗಲೇ ಆಗುತ್ತದೆ ಅಂತ ಬರೆದಿದ್ದೀರಲ್ಲ, ಈ ಕಾಯಿಲೆ ಇರುವ ಎಷ್ಟೋ ಜನ ಇದೇ ಮಾತು ಹೇಳುತ್ತಾರೆ. ನಲ್ಲಿ ನೀರಿನ ಸದ್ದು ಕೇಳಿದರೂ ಕೆಲವರಿಗೆ ಹಾಗೇ ಆಗುತ್ತದೆ. ಹಿಂಡು ಅಂತ ನರ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕದ ಮೂಲಕ. ಬೊಟಾಕ್ಸ್ ಅದು ನರದ ತುದಿಯಿಂದ ಹೊರಬೀಳದಂತೆ ತಡೆಯುತ್ತದೆ, ಸ್ನಾಯು ಸ್ವಲ್ಪ ತಣ್ಣಗಾಗುತ್ತದೆ.

ಹಾಕುವ ರೀತಿಗೆ ಹೆದರಬೇಡಿ. ಒಳಗೆ ಮರಗಟ್ಟಿಸುವ ಔಷಧಿ ಬಿಟ್ಟು, ಮೂತ್ರದ ದಾರಿಯಿಂದಲೇ ತೆಳ್ಳನೆಯ ದುರ್ಬೀನು ಕಳಿಸಿ, ಸಣ್ಣ ಸೂಜಿಯಿಂದ ಒಟ್ಟು 100 ಯೂನಿಟ್ ಔಷಧಿಯನ್ನು 20 ಕಡೆ ಹಂಚಿ ಚುಚ್ಚುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಆಮೇಲೆ ನೀವು ಒಂದಕ್ಕೆ ಹೋಗಿ ಬಂದಿದ್ದನ್ನು ನೋಡಿಯೇ ಮನೆಗೆ ಕಳಿಸುತ್ತಾರೆ. ಒಂದೆರಡು ದಿನ ಮೂತ್ರ ಸ್ವಲ್ಪ ಕೆಂಪಗಾಗಬಹುದು, ಉರಿ ಇರಬಹುದು. ಗುಣ ಅವತ್ತೇ ಕಾಣುವುದಿಲ್ಲ, ಕೆಲವು ದಿನದಿಂದ ಎರಡು ವಾರ ಬೇಕು. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ಎರಡು ಸಲದ ನಡುವೆ ಕನಿಷ್ಠ 12 ವಾರ ಇರಬೇಕು. ಖರ್ಚು ಒಂದೇ ಸಲದ್ದಲ್ಲ ಅನ್ನುವುದನ್ನು ಮನೆಯವರ ಜೊತೆ ಕೂತು ಮೊದಲೇ ಲೆಕ್ಕ ಹಾಕಿ. ಸೋರುವುದು ಪೂರ್ತಿ ನಿಲ್ಲುತ್ತದೆ ಅಂತ ಎಲ್ಲರಿಗೂ ಹೇಳಲು ಆಗುವುದಿಲ್ಲ. ದೊಡ್ಡ ಅಧ್ಯಯನಗಳಲ್ಲಿ ಮೂರು ತಿಂಗಳಿಗೆ ಸುಮಾರು ಕಾಲುಭಾಗ ಜನರಿಗೆ ಸೋರುವುದು ಪೂರ್ತಿ ನಿಂತಿತ್ತು. ಉಳಿದವರಲ್ಲೂ ಬಹಳ ಜನರಿಗೆ ಸೋರುವ ಸಲ ಕಡಿಮೆಯಾಯಿತು. ದಿನಕ್ಕೆ ಐದು ಸಲ ಸೀರೆ ಬದಲಿಸುವವರಿಗೆ ಅದು ಎರಡಕ್ಕೆ ಇಳಿದರೂ ಎಷ್ಟು ಸಮಾಧಾನ ಅಲ್ವಾ?

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು. ಸ್ನಾಯು ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗಾದರೆ ಮೂತ್ರ ಪೂರ್ತಿ ಹೊರಗೆ ಬರುವುದಿಲ್ಲ. ನೂರರಲ್ಲಿ ಸುಮಾರು ಆರು ಜನರಿಗೆ ಹೀಗೆ ಕಟ್ಟಿಕೊಳ್ಳುತ್ತದೆ, ಶುಗರ್ ಇದ್ದವರಲ್ಲಿ ಅದು ಸುಮಾರು ಎರಡು ಪಟ್ಟು. ಆಗ ಮೂತ್ರಕೋಶ ಮತ್ತೆ ಹಿಂಡಲು ಶುರು ಮಾಡುವವರೆಗೆ, ಕೆಲವು ವಾರವೋ ಕೆಲವು ತಿಂಗಳೋ, ದಿನಕ್ಕೆ ಒಂದೆರಡು ಸಲ ಅಥವಾ ಜಾಸ್ತಿ, ನೀವೇ ಕ್ಯಾಥೆಟರ್ ಎಂಬ ತೆಳ್ಳನೆಯ ಕೊಳವೆಯನ್ನು ಮೂತ್ರದ ದಾರಿಯಲ್ಲಿ ಹಾಕಿಕೊಂಡು ಮೂತ್ರ ತೆಗೆದು, ಆಮೇಲೆ ಅದನ್ನು ಹೊರಗೆ ತೆಗೆಯಬೇಕು. ಕೇಳಲು ಭಯ ಅನಿಸುತ್ತದೆ, ಕಲಿತ ಮೇಲೆ ಐದು ನಿಮಿಷದ ಕೆಲಸ. ಆದರೆ ಕಲಿಯಬೇಕಾದ್ದು ಇಂಜೆಕ್ಷನ್‌ಗೆ ಮುಂಚೆ. ನರ್ಸ್ ಎದುರು ಒಂದು ಸಲ ಮಾಡಿ ನೋಡಿ. 'ನನ್ನಿಂದ ಆಗುವುದೇ ಇಲ್ಲ' ಅನಿಸಿದರೆ ಇಂಜೆಕ್ಷನ್ ಬೇಡ ಅನ್ನಿ, ಅದರಲ್ಲಿ ನಾಚಿಕೆ ಏನಿಲ್ಲ. ನನಗೆ ಬೇಜಾರಾಗುವುದು ಇಲ್ಲೇ: ಇಂಜೆಕ್ಷನ್ ಆದ ಹತ್ತು ದಿನಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಅಳುತ್ತಾ ಬಂದ ಹೆಂಗಸರನ್ನು ನಾನು ನೋಡಿದ್ದೇನೆ, ಅವರಿಗೆ ಈ ವಿಷಯ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಎರಡು ವಾರಕ್ಕೆ ಹೋಗಿ, ಒಂದಕ್ಕೆ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ಮಾಡಿಸಲೇಬೇಕು. ಅದಕ್ಕೂ ಮೊದಲೇ ಕಟ್ಟಿಕೊಂಡ ಹಾಗೆ ಅನಿಸಿದರೆ ಕಾಯಬೇಡಿ.

ಇನ್ನೊಂದು ತೊಂದರೆ ಮೂತ್ರದ ಸೋಂಕು, ನೂರರಲ್ಲಿ ಸುಮಾರು 18 ಜನರಿಗೆ, ಶುಗರ್ ಇದ್ದರೆ ಅದೂ ಜಾಸ್ತಿ. ಚಳಿಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇಂಜೆಕ್ಷನ್ ದಿನ ಸೋಂಕು ಇದ್ದರೆ ಅದು ವಾಸಿಯಾಗುವ ತನಕ ಮುಂದೂಡಬೇಕು. ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ, ಮಯಸ್ತೇನಿಯಾ ಥರದ ಸ್ನಾಯು ಸೋಲುವ ಕಾಯಿಲೆ ಇದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಣ್ಣ ಕೆಲಸ ಕೊಡುತ್ತೇನೆ, ಟೀಚರ್ ಆದ್ದರಿಂದ ನಿಮಗೆ ಸುಲಭ. ಮೂರು ದಿನ ಒಂದು ನೋಟ್‌ಬುಕ್‌ನಲ್ಲಿ ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಮಿಲಿ ಹೋಯಿತು, ಯಾವಾಗ ಸೋರಿತು ಬರೆಯಿರಿ. ಹಳೆಯ ಅಳತೆ ಲೋಟ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ. ಸಕ್ಕರೆ ಏರಿದ್ದರೆ ಮೂತ್ರವೇ ಜಾಸ್ತಿ ಆಗುತ್ತದೆ, ಅದನ್ನು ಯಾವ ಇಂಜೆಕ್ಷನ್ನೂ ನಿಲ್ಲಿಸುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವುದಕ್ಕೆ ಅದೇ ಕಾರಣ ಇರಲೂಬಹುದು. ಸಂಜೆ ಮೇಲಿನ ಕಾಫಿ, ಚಹಾ ಬಿಟ್ಟು ನೋಡಿ. ಆದರೆ ಮದುವೆಗೆ ಹೋಗಬೇಕು, ಬಸ್ಸು ಹತ್ತಬೇಕು ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಇರುವುದು ಬೇಡ. ಮೂತ್ರ ಗಟ್ಟಿಯಾದಷ್ಟೂ ಅವಸರ ಹೆಚ್ಚು. ಆ ನೋಟ್‌ಬುಕ್ ತಗೊಂಡು ಡಾಕ್ಟರ ಹತ್ತಿರ ಹೋಗಿ. ಶುಗರ್ ಹಿಡಿತದಲ್ಲಿದ್ದು, ಒಂದಕ್ಕೆ ಹೋದ ಮೇಲೆ ಒಳಗೆ ಉಳಿಯದೆ, ಕ್ಯಾಥೆಟರ್ ಕಲಿಯಲು ಮನಸ್ಸಿದ್ದರೆ, ಹಾಕಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಪ್ರಶ್ನೆ: ನನಗೆ 38. ಎರಡು ಹೆರಿಗೆ ಆಗಿದೆ. ಕೆಮ್ಮಿದರೆ, ಸೀನಿದರೆ, ನೀರಿನ ಕೊಡ ಎತ್ತಿದರೆ ಸ್ವಲ್ಪ ಮೂತ್ರ ಹೋಗುತ್ತದೆ. ಅವಸರ ಏನೂ ಇಲ್ಲ. ಬೊಟಾಕ್ಸ್ ನನಗೂ ಆಗುತ್ತದಾ?
— ಗೃಹಿಣಿ, ಗದಗ

ಉತ್ತರ: ಇಲ್ಲಮ್ಮ. ನಿಮ್ಮ ಮೂತ್ರಕೋಶ ಸುಮ್ಮನೇ ಇದೆ, ಅದರ ಬಾಯಿ ಸಡಿಲವಾಗಿದೆ. ಬೊಟಾಕ್ಸ್ ಹಾಕಿದರೆ ದುಡ್ಡು ದಂಡ. ನಿಮ್ಮ ಥರದ ಸೋರಿಕೆಗೆ ಬೇರೆ ಇಂಜೆಕ್ಷನ್ ಇದೆ. ಮೂತ್ರನಾಳದ ಗೋಡೆಯಲ್ಲಿ ಮೂರು ನಾಲ್ಕು ಕಡೆ ಜೆಲ್ ತುಂಬಿ, ಅಲ್ಲಿ ಸ್ವಲ್ಪ ಉಬ್ಬಿಸಿ ದಾರಿ ಒತ್ತಿ ಮುಚ್ಚುವ ಹಾಗೆ ಮಾಡುತ್ತಾರೆ. ಬಲ್ಕಾಮಿಡ್ ಎಂಬುದು ಅಂಥ ಒಂದು ಜೆಲ್, ಅದರಲ್ಲಿ ಬಹುಪಾಲು ನೀರೇ. ದೊಡ್ಡ ಆಪರೇಷನ್ ತಾಳದವರಿಗೆ, ಬೇಡ ಅನ್ನುವವರಿಗೆ ಒಳ್ಳೆಯದು. ಎಷ್ಟೋ ಜನರಿಗೆ ಎರಡನೇ ಸಲ ಬೇಕಾಗುತ್ತದೆ.

ಆದರೆ ನಿಮ್ಮ ವಯಸ್ಸಿಗೆ ಮೊದಲು ವ್ಯಾಯಾಮ. ಹೊಟ್ಟೆಯ ಗಾಳಿ ಹೊರಗೆ ಹೋಗದಂತೆ ತಡೆಯುವಾಗ ಬಿಗಿಯುವ ಭಾಗ ಗೊತ್ತಲ್ಲ, ಅದನ್ನೇ ಬಿಗಿಹಿಡಿದು ಬಿಡಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಮೂರು ತಿಂಗಳು ತಪ್ಪದೆ. ಉಸಿರು ಹಿಡಿಯಬೇಡಿ, ಹೊಟ್ಟೆ ತಳ್ಳಬೇಡಿ. ಸರಿಯಾಗಿ ಆಗುತ್ತಿದೆಯಾ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಸಲ ತೋರಿಸಿಕೊಂಡರೆ ಒಳ್ಳೆಯದು, ಬಹಳ ಜನ ತಪ್ಪು ಸ್ನಾಯು ಬಿಗಿಯುತ್ತಾರೆ.

ಪ್ರಶ್ನೆ: ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಕ್ಯಾಥೆಟರ್ ಹಾಕಿ ದಿನಕ್ಕೆ ಐದು ಸಲ ತಾನೇ ಮೂತ್ರ ತೆಗೆಯುತ್ತಾನೆ. ಆದರೂ ನಡುವೆ ಸೋರುತ್ತದೆ. ಮಾತ್ರೆಯಿಂದ ಪ್ರಯೋಜನ ಆಗಿಲ್ಲ. ಈ ಇಂಜೆಕ್ಷನ್ ಅವನಿಗೆ?
— ಅಣ್ಣ, ತೀರ್ಥಹಳ್ಳಿ

ಉತ್ತರ: ಖಂಡಿತ ಕೇಳಿ ನೋಡಿ. ಮೂತ್ರಕೋಶದಲ್ಲಿ ಈ ಔಷಧಿಯ ಕಥೆ ಶುರುವಾಗಿದ್ದೇ ಇಂಥವರಿಂದ. 2000ದಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಗಿಟ್ ಶುರ್ಖ್ ಮತ್ತು ಜೊತೆಯವರು ಬೆನ್ನುಹುರಿಗೆ ಪೆಟ್ಟಾದವರಿಗೆ ಕೊಟ್ಟು ಫಲ ತೋರಿಸಿದರು. ನಿಮ್ಮ ತಮ್ಮನಂಥವರಿಗೆ ಪ್ರಮಾಣ 200 ಯೂನಿಟ್, 30 ಕಡೆ. ಕ್ಯಾಥೆಟರ್ ಅವನಿಗೆ ಆಗಲೇ ಅಭ್ಯಾಸ ಇರುವುದರಿಂದ ಮೂತ್ರ ಕಟ್ಟುವ ಭಯ ಇಲ್ಲ. ಸೋರುವುದಕ್ಕಿಂತ ದೊಡ್ಡ ವಿಷಯ ಒಳಗಿನ ಒತ್ತಡ, ಅದು ಏರಿದರೆ ಕಿಡ್ನಿ ಹಾಳಾಗುತ್ತದೆ. ಅದಕ್ಕೆ ಮೊದಲು ಯೂರೋಡೈನಾಮಿಕ್ ಪರೀಕ್ಷೆ ಮಾಡಿಸಿ ಒತ್ತಡ ಎಷ್ಟಿದೆ ನೋಡಿಸಿ. ಪೆಟ್ಟು ಎದೆಮಟ್ಟದ್ದೋ ಅದಕ್ಕಿಂತ ಮೇಲಿನದ್ದೋ ಆಗಿದ್ದರೆ ದುರ್ಬೀನು ಹಾಕುವಾಗ ಬಿಪಿ ಏಕಾಏಕಿ ಏರಿ, ತಲೆನೋವು ಬಂದು ಬೆವರಬಹುದು. ಯಾವ ಮಟ್ಟದ ಪೆಟ್ಟು ಅನ್ನುವ ಕಾಗದವನ್ನು ಡಾಕ್ಟರಿಗೆ ಮೊದಲೇ ತೋರಿಸಿ. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನಿಂಗ್ ತಪ್ಪಿಸಬೇಡಿ.