ಆರ್ಬಿಟ್ರ್ಯಾಪ್ ಬಂದಮೇಲೂ ಕಾಲಂ ಕಟ್ಟಿಕೊಂಡು ಕೂರಬೇಕಾ?

ಆರ್ಬಿಟ್ರ್ಯಾಪ್ ಥರದ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ (ಅಣುಗಳ ತೂಕ ತೀರಾ ನಿಖರವಾಗಿ ಅಳೆಯೋ ಯಂತ್ರ) ಒಂದು ಕಲಿತರೆ ಸಾಕಾ, ಕ್ರೊಮಟೋಗ್ರಫಿ (ಮಿಶ್ರಣವನ್ನು ಕಾಲಂ ಅನ್ನೋ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸೋದು), ಹಳೇ ಇತಿಹಾಸ ಎಲ್ಲ ಯಾಕೆ ಅಂತ ಕೇಳಿದ್ದೀರಿ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನನ್ನದೂ ಇದೇ ಧಾಟಿ. ಅದಕ್ಕೆ ನಾಲ್ಕು ತಿಂಗಳು ದಂಡ ತೆತ್ತೆ.

ವಿಷಯ ನಮ್ಮ ಅಡಿಕೆಯೇ. ಕವಳದ ಸುಣ್ಣ ಸೇರಿದಾಗ ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಎಷ್ಟು ಒಡೆದು ಅರೆಕೈಡಿನ್ ಆಗುತ್ತೆ ಅಂತ ಅಳೆಯೋದು. ತೀರ್ಥಹಳ್ಳಿ ಕಡೆಯ ಚಾಲಿ ಅಡಿಕೆ ಪುಡಿ ಮಾಡಿ, ಸುಣ್ಣದ ನೀರಲ್ಲಿ ನೆನೆಸಿ, ಸೋಸಿ, ಕಾಲಂ ಇಲ್ಲದೆ ನೇರವಾಗಿ ಯಂತ್ರಕ್ಕೆ ಬಿಟ್ಟೆ. ತೂಕದ ಅಳತೆಯಲ್ಲಿ ಅರೆಕೋಲಿನ್ ಪೀಕು (ಗೆರೆ) 156ರಲ್ಲಿ, ಅರೆಕೈಡಿನ್ ಪೀಕು 142.0863ರಲ್ಲಿ. ನಾಲ್ಕು ದಶಮಾಂಶ ನೋಡಿ ಖುಷಿಯೋ ಖುಷಿ.

ಎಡವಿದ್ದು ಅಲ್ಲೇ. ಅಡಿಕೆಯಲ್ಲಿ ಗುವಾಕೋಲಿನ್ ಅಂತ ಇನ್ನೊಂದಿದೆ, ಅದರ ಸೂತ್ರವೂ C₇H₁₁NO₂. ಅರೆಕೈಡಿನ್ನಿನದೂ ಅದೇ. ತೂಕದಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ರೆಸಲ್ಯೂಷನ್ ಹತ್ತು ಲಕ್ಷ ಇದ್ದರೂ ಒಂದೇ ಪೀಕು. ಅದಕ್ಕಿಂತ ಕೆಟ್ಟದ್ದು ಇದು: ಸುಣ್ಣಕ್ಕೆ ಅರೆಕೋಲಿನ್ ಒಡೆದು ಅರೆಕೈಡಿನ್ ಏರುತ್ತೆ, ಅದೇ ಸುಣ್ಣಕ್ಕೆ ಗುವಾಕೋಲಿನ್ ಒಡೆದು ಗುವಾಸಿನ್ (ಅದರ ತೂಕ ಬೇರೆ) ಆಗಿ ಇಳಿಯುತ್ತೆ. ಒಂದು ಏರಿದ್ದನ್ನು ಇನ್ನೊಂದು ಇಳಿದದ್ದು ಮುಚ್ಚಿಹಾಕಿತು. "ಸುಣ್ಣದಿಂದ ಹೆಚ್ಚೇನೂ ಆಗಲ್ಲ" ಅಂತ ಬರೆದುಕೊಟ್ಟೆ. ಉಳಿಸಿಟ್ಟ ಸ್ಯಾಂಪಲ್ ಇದ್ದಿದ್ದರೆ ಮತ್ತೆ ಹಾಕಬಹುದಿತ್ತು, ಅದೂ ಚೆಲ್ಲಿಯಾಗಿತ್ತು.

ಇತಿಹಾಸ ಬೇಡ ಅಂದಿರಲ್ಲ, 1912ರಲ್ಲಿ ಭೌತವಿಜ್ಞಾನಿ ಜೆ.ಜೆ. ಥಾಮ್ಸನ್‌ಗೂ ನಿಯಾನ್‌ನ 20ರ ಪಕ್ಕ 22ರಲ್ಲಿ ಮಸುಕು ಗೆರೆ ಕಂಡಿತ್ತು. ನಿಯಾನ್‌ಗೆ ಎರಡು ಹೈಡ್ರೋಜನ್ ಅಂಟಿರಬಹುದು ಅನ್ನೋ ಗುಮಾನಿಯೂ ಅವರಿಗಿತ್ತು. ಅದು ಐಸೋಟೋಪ್ (ಅದೇ ಧಾತುವಿನ ಬೇರೆ ತೂಕದ ಪರಮಾಣು) ಅಂತ ಗಟ್ಟಿಯಾದದ್ದು ಅವರ ಸಹಾಯಕರಾಗಿದ್ದ ಆಸ್ಟನ್ 1919ರಲ್ಲಿ ಹೊಸ ಉಪಕರಣ ಕಟ್ಟಿದ ಮೇಲೆ. ಗೆರೆ ಕಾಣೋದು ಒಂದು, ಅದು ಯಾರದ್ದು ಅನ್ನೋದು ಇನ್ನೊಂದು. ನನ್ನ ಪ್ರಾಜೆಕ್ಟ್ ಮುಳುಗಿದ್ದು ಅಲ್ಲೇ ಮಾರಾಯ್ರೆ.

ಮುಂದಿನ ಕಾಲ ಕಾಲಂ ಇಲ್ಲದ್ದು ಅಂತ ಡೆಸಿ (2004), ಡಾರ್ಟ್ (2005) ಅನ್ನೋ ವಿಧಾನಗಳನ್ನು ತೋರಿಸ್ತಾರೆ. ಅಡಿಕೆ ಹೋಳನ್ನೇ ಯಂತ್ರದ ಮುಂದೆ ಹಿಡಿಯಬಹುದು, ಸರಿ. ಆದರೆ 142ರ ಗಂಟು ಹಾಗೇ ಇರುತ್ತೆ. ಅಯಾನ್ ಮೊಬಿಲಿಟಿ ಅನ್ನೋ ವಿಧಾನ ಅಣುಗಳ ಆಕಾರ ನೋಡಿ ಬೇರ್ಪಡಿಸುತ್ತೆ ನಿಜ, ಇಷ್ಟು ಪುಟ್ಟ ಅಣುಗಳಿಗೆ ನಾನಂತೂ ಅದನ್ನು ನೆಚ್ಚಲ್ಲ. ಯಂತ್ರದೊಳಗೇ ಅಣುಗಳನ್ನು ಒಡೆದು ಚೂರುಗಳ ತೂಕ ನೋಡಿದರೆ ಗುಟ್ಟು ಹೊರಬೀಳುತ್ತೆ: ಗುವಾಕೋಲಿನ್ 29 ಕಳೆದುಕೊಂಡು 113 ಕೊಡುತ್ತೆ, ನೈಟ್ರೋಜನ್ ಮೇಲೆ ಮೀಥೈಲ್ ಇರೋ ಅರೆಕೈಡಿನ್ 44 ಕೊಡುತ್ತೆ. 44 ನೋಡಬೇಕಾದರೆ ಸ್ಕ್ಯಾನ್ ಅಷ್ಟು ಕೆಳಗಿಂದ ಶುರುವಾಗಬೇಕು. 50ರಿಂದ ಇಟ್ಟರೆ ಕಾಣೋದೇ ಇಲ್ಲ.

ಕಾಲಂ ಹಾಕೋದಾದರೆ ಸಿ-18 (ಎಣ್ಣೆಗುಣದ ಪದಾರ್ಥ ತುಂಬಿದ ಮಾಮೂಲಿ ಕಾಲಂ) ಬೇಡ, ಅರೆಕೈಡಿನ್ ಅದರಲ್ಲಿ ನಿಲ್ಲದೆ ಮೊದಲೇ ಓಡಿಹೋಗುತ್ತೆ. ಹಿಲಿಕ್ (ನೀರಿಗೆ ಒಲಿಯೋ ಅಣುಗಳನ್ನು ಹಿಡಿದಿಡೋ ಕಾಲಂ) ಹಾಕಿ, 10 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್, ಶುರುವಿಗೆ 90% ಅಸಿಟೋನೈಟ್ರೈಲ್. ಫಾಸ್ಫೇಟ್ ಬಫರ್ ಮುಟ್ಟಲೇಬೇಡಿ, ಆವಿಯಾಗದೆ ಸೋರ್ಸ್ (ಯಂತ್ರದಲ್ಲಿ ಅಣುಗಳು ಅಯಾನುಗಳಾಗೋ ಜಾಗ) ತುಂಬ ಬೆಳ್ಳಗೆ ಕಟ್ಟುತ್ತೆ. ಅರ್ಧ ಗ್ರಾಂ ಪುಡಿಗೆ 10 ಮಿಲಿ ದ್ರಾವಕ ಸಾಕು, ಆದರೆ ಸಾವಿರ ಪಟ್ಟು ತೆಳು ಮಾಡದೆ ಹಾಕಿದರೆ ಡಿಟೆಕ್ಟರ್ ತುಂಬಿಹೋಗುತ್ತೆ. ಸುಣ್ಣದ ಸ್ಯಾಂಪಲ್‌ಗೆ ತಕ್ಷಣ ಫಾರ್ಮಿಕ್ ಆಸಿಡ್ ಹಾಕಿ ಹುಳಿ ಮಾಡಿ, ಇಲ್ಲದಿದ್ದರೆ ಸರದಿ ಕಾಯುತ್ತಾ ವಯಲ್‌ನಲ್ಲೇ ಒಡೆಯುತ್ತಿರುತ್ತೆ. ತೆಳು ಮಾಡೋದು ಅಸಿಟೋನೈಟ್ರೈಲ್‌ನಲ್ಲೇ. ನೀರಲ್ಲಿ ಮಾಡಿ ಹಾಕಿದರೆ ಹಿಲಿಕ್‌ನಲ್ಲಿ ಪೀಕು ಹರಡಿ ಚಪ್ಪಟೆಯಾಗುತ್ತೆ, ಆಮೇಲೆ ಕಾಲಂ ಸರಿಯಿಲ್ಲ ಅಂತ ಬೈತೀರಿ.