ಆ ಘೋಷಣೆಯ ಉಳಿದರ್ಧ

ಕಲಬುರಗಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "2024ರಲ್ಲಿ ಢಾಕಾದ ವಿದ್ಯಾರ್ಥಿಗಳು ‘ನಾವು ರಜಾಕಾರರು’ ಎಂದು ಕೂಗಿದರಲ್ಲ, 1971ರಲ್ಲಿ ಅಜ್ಜಂದಿರು ಸುರಿಸಿದ ರಕ್ತ ಇಷ್ಟು ಬೇಗ ಮರೆತುಹೋಯಿತೇ?"

ನಿಮ್ಮ ಸಂಕಟ ಅರ್ಥವಾಗುತ್ತದೆ ಸ್ವಾಮಿ. 1948ರಲ್ಲಿ ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಹಾವಳಿ ಕಂಡ ನಿಮ್ಮ ಕಡೆಯ ಮನೆಗಳಲ್ಲಿ ಆ ಪದ ಇವತ್ತಿಗೂ ಸುಡುತ್ತದೆ. ಬಾಂಗ್ಲಾದಲ್ಲೂ 1971ರ ಸ್ವಾತಂತ್ರ್ಯ ಯುದ್ಧದಲ್ಲಿ ಪಾಕ್ ಸೇನೆಯ ಜೊತೆ ನಿಂತವರನ್ನು ಹಾಗೇ ಕರೆಯುತ್ತಾರೆ. ಅವರ ಪಾಪ ಸಣ್ಣದಲ್ಲ.

ಆದರೆ ಘೋಷಣೆಯನ್ನು ನೀವು ಅರ್ಧ ಮಾತ್ರ ಕೇಳಿಸಿಕೊಂಡಿದ್ದೀರಿ. ಆ ಮಕ್ಕಳ ತಕರಾರು ಇದ್ದದ್ದು ಸರ್ಕಾರಿ ಕೆಲಸದ ಬಗ್ಗೆ. ಮುಕ್ತಿಯೋಧರಿಗೆಂದು, ಅಂದರೆ ಆ ಯುದ್ಧದಲ್ಲಿ ಬಾಂಗ್ಲಾ ಪರ ಹೋರಾಡಿದವರಿಗೆಂದು, 1972ರಲ್ಲಿ ಇಟ್ಟ ಶೇ. 30 ಮೀಸಲಾತಿ ಬರಬರುತ್ತಾ ಮಕ್ಕಳಿಗೆ, ಮೊಮ್ಮಕ್ಕಳಿಗೂ ಸಿಕ್ಕಿತು. 2018ರಲ್ಲಿ ರದ್ದಾಗಿದ್ದನ್ನು 2024ರ ಜೂನ್‌ನಲ್ಲಿ ಹೈಕೋರ್ಟ್ ಮತ್ತೆ ತಂದಿತು. ಹುಡುಗರು ಬೀದಿಗಿಳಿದರು. ಜುಲೈ 14ರಂದು ಪ್ರಧಾನಿ ಶೇಖ್ ಹಸೀನಾ, ಮುಕ್ತಿಯೋಧರ ಮೊಮ್ಮಕ್ಕಳಿಗೆ ಕೊಡದೆ ರಜಾಕಾರರ ಮೊಮ್ಮಕ್ಕಳಿಗೆ ಕೊಡಬೇಕಾ ಎಂದು ಕೇಳಿಬಿಟ್ಟರು. ಅದೇ ರಾತ್ರಿ ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಂದ ಹುಡುಗಿಯರೂ ಹೊರಬಂದರು. "ನೀನ್ಯಾರು, ನಾನ್ಯಾರು? ರಜಾಕಾರ! ಹಾಗಂದವರ್ಯಾರು? ಸರ್ವಾಧಿಕಾರಿ!" ಈ ಕೊನೆಯ ಮಾತನ್ನು ನೀವು ಬಿಟ್ಟುಬಿಟ್ಟಿರಿ. ಮುಖ್ಯವಾದದ್ದು ಅದೇ ಅಲ್ವಾ? ಅವರು ಬೈಗುಳವನ್ನು ಹಿಡಿದು ಎಸೆದವರಿಗೇ ತೋರಿಸಿದರು. ಮೂರು ವಾರಕ್ಕೆ ಹಸೀನಾ ದೇಶ ಬಿಟ್ಟರು. ಅಷ್ಟರಲ್ಲಿ ನೂರಾರು ಜೀವ ಹೋಗಿತ್ತು.

ಯೋಧರ ಹೆಸರನ್ನು ಇಷ್ಟು ಬಳಸಿದ ದೇಶ ಯೋಧರನ್ನೇ ಹೇಗೆ ನೋಡಿಕೊಂಡಿತು? ತಾರಾಮನ್ ಬೀಬಿ ಎಂಬಾಕೆ ಹದಿಹರೆಯದಲ್ಲಿ ಮುಕ್ತಿಯೋಧರ ಶಿಬಿರಕ್ಕೆ ಅಡುಗೆ ಮಾಡಲು ಹೋದಳು. ಅಲ್ಲೇ ಬಂದೂಕು ಕಲಿತು ಯುದ್ಧಕ್ಕಿಳಿದಳು. 1973ರಲ್ಲಿ ಅವಳಿಗೆ ‘ಬೀರ್ ಪ್ರತೀಕ್’ ಎಂಬ ಶೌರ್ಯ ಗೌರವ ಬಂತು. ಅವಳಿಗೇ ಗೊತ್ತಿರಲಿಲ್ಲ! ಯಾರೋ ಹುಡುಕಿಕೊಂಡು ಬಂದು ಹೇಳಿದ್ದು 1995ರಲ್ಲಿ. ಅಲ್ಲಿಯವರೆಗೂ ಕುರಿಗ್ರಾಮ್ ಜಿಲ್ಲೆಯ ಹಳ್ಳಿಯಲ್ಲಿ ಬಡತನದಲ್ಲೇ ಬದುಕಿದ್ದಳು. ಯುದ್ಧದಲ್ಲಿ ಪಾಕ್ ಸೇನೆಯಿಂದ ಅತ್ಯಾಚಾರಕ್ಕೊಳಗಾದ ಹೆಂಗಸರಿಗೆ ‘ಬೀರಾಂಗನಾ’ (ವೀರನಾರಿ) ಎಂಬ ಬಿರುದು ಬೇಗ ಸಿಕ್ಕಿತು. ಮುಕ್ತಿಯೋಧರ ಪಟ್ಟಿಯಲ್ಲಿ ಅವರ ಹೆಸರು ಸೇರಲು 2015 ಬರಬೇಕಾಯಿತು. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ.

ನಮ್ಮಲ್ಲೂ ಈ ಚಾಳಿ ಇದೆ. ಗಡಿಯಲ್ಲಿ ಕಾದವರು ಯಾರೋ, ಅವರ ಹೆಸರಲ್ಲಿ ಎದುರಿನವರ ಬಾಯಿ ಮುಚ್ಚಿಸುವವರು ಇನ್ಯಾರೋ. ಮೊನ್ನೆ ನಮ್ಮ ಪತ್ರಿಕೆಯಲ್ಲಿ ಒಬ್ಬಳು ಹುಡುಗಿ ತನ್ನೂರಿನ ಕೆಟ್ಟ ರಸ್ತೆಯ ಬಗ್ಗೆ ಬರೆದಿದ್ದಳು. "ಪಾಕಿಸ್ತಾನಕ್ಕೆ ಹೋಗು" ಎಂದು ಮೂರು ಪತ್ರ ಬಂದವು. ಒಂದರಲ್ಲೂ ರಸ್ತೆಯ ಮಾತಿರಲಿಲ್ಲ.