ಮಲ್ಪೆಯ ಡಿಸೆಂಬರ್, ಕಲಬುರಗಿಯ ಮೇ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಶರಣಪ್ಪ ಅವರಿಗೆ 61. ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಕಲಬುರಗಿಯ ಸ್ವಂತ ಮನೆ ಮಾರಿ ಉಡುಪಿ ಕಡೆ ಹೋಗಿ ಇರಬೇಕು ಅನ್ನೋದು ಅವರ ಹಟ. ಬ್ರೋಕರ್ ಬಂದು ಮನೆ ನೋಡಿಕೊಂಡೂ ಹೋಗಿದ್ದ. ಅವತ್ತಿನಿಂದ ಹೆಂಡತಿ ಮಹಾನಂದಾ ಮಾತು ಬಿಟ್ಟಿದ್ದರು. ಮಗಳು ಇಬ್ಬರನ್ನೂ ಸಲಹೆಗೆಂದು ನನ್ನ ಹತ್ತಿರ ಕರೆತಂದಳು.

ಮೊದಲು ಬೇರೆ ಬೇರೆಯಾಗಿ ಮಾತಾಡಿಸಿದೆ. ಶರಣಪ್ಪ ಡಿಸೆಂಬರ್‌ನಲ್ಲಿ ಉಡುಪಿ ಬಳಿಯ ಮಲ್ಪೆ ಕಡಲತೀರ ನೋಡಿ ಬಂದಿದ್ದರು. "ಎಂಥಾ ಗಾಳಿ ರೀ ಮೇಡಂ! ಇಲ್ಲಿ ಏಪ್ರಿಲ್ ಬಂತಂದ್ರ ಹತ್ತು ಗಂಟೆಕ್ಕ ಬಾಗಲಾ ಹಾಕ್ಕೊಂಡು ಕೂಡಬೇಕು." ಸುಳ್ಳಲ್ಲ. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ಮಾಮೂಲು. ಬಿಪಿ ಇದೆ, ದಿನಾ ನಡೆಯಿರಿ ಅಂತ ಡಾಕ್ಟರ್ ಬೇರೆ ಹೇಳಿದ್ದಾರೆ. ಆದರೆ ಅವರು ಮಲ್ಪೆಯ ಡಿಸೆಂಬರನ್ನು ಕಲಬುರಗಿಯ ಮೇ ತಿಂಗಳ ಜೊತೆ ತೂಗುತ್ತಿದ್ದರು. ಡಿಸೆಂಬರ್‌ನಲ್ಲಿ ನಮ್ಮೂರೂ ಚೆನ್ನಾಗೇ ಇರುತ್ತದೆ, ಅಲ್ವಾ?

ಇನ್ನೊಂದು ಮಾತು ನಿಧಾನಕ್ಕೆ ಹೊರಬಂತು. "ರಿಟೈರ್ ಆದ ಮ್ಯಾಲ ಯಾರೂ ನಮಸ್ಕಾರ ಸೈತ ಮಾಡಲ್ಲ ರೀ. ಅಲ್ಲಿ ನಾ ಯಾರಂತ ಯಾರಿಗೂ ಗೊತ್ತಿಲ್ಲ, ಆರಾಮ ಇರ್ತದ." ಅವಸರ ಹುಟ್ಟಿದ್ದು ಇಲ್ಲಿ. ಊರು ಬದಲಿಸಿದರೆ ಇದು ಹೋಗುವುದಿಲ್ಲ ಅಂತ ಅವರಿಗೆ ನೇರವಾಗಿಯೇ ಹೇಳಿದೆ.

ಮಹಾನಂದಾ ಅವರದು ಬೇರೆ ಚಿಂತೆ. "ಬಿಸಲಿಗಿ ಅಂಜಿ ಊರು ಬಿಡ್ತಾರೇನ್ರಿ? ಇಲ್ಲಿ ಶರಣಬಸವೇಶ್ವರ ಅಪ್ಪನ ಗುಡಿ ಅದ, ಭಜನಿ ಅದ, ತಂಗಿ ಆಳಂದದಾಗ ಅದಾಳ. ಅಲ್ಲಿ ನಾ ಯಾರ ಸಂಗಟ ಮಾತಾಡ್ಲಿ?" ಮನೆಯ ಜಾಗ ಅವರ ತವರಿನ ಬಂಗಾರ ಮಾರಿ ಕೊಂಡದ್ದು. ಇದನ್ನು ಮಗಳಿಗೂ ಹೇಳಿರಲಿಲ್ಲ. ಇಬ್ಬರನ್ನೂ ಜೊತೆಗೆ ಕೂರಿಸಿದಾಗ ಅವರ ಬಾಯಿಂದಲೇ ಹೇಳಿಸಿದೆ. ಶರಣಪ್ಪ "ಖರೇ ಅದ" ಅಂದರು, ಅಷ್ಟೇ.

ನನ್ನ ಸಲಹೆ ಹೀಗಿತ್ತು. ಒಂದು ವರ್ಷ ಮನೆ ಮಾರುವ ಮಾತು ಬೇಡ. ಪಿಂಚಣಿ ಎಲ್ಲಿದ್ದರೂ ಖಾತೆಗೆ ಬರುತ್ತದೆ. ಬಾಡಿಗೆ ಮನೆ ಹಿಡಿದು ಹೋಗಿ, ಅದೂ ಜೂನ್‌ನಲ್ಲಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. ಉಡುಪಿಯಲ್ಲಿ 4,000ದ ಮೇಲೆ, ಬಹುಪಾಲು ಸೆಪ್ಟೆಂಬರ್ ಒಳಗೇ ಸುರಿದು ಬಿಡುತ್ತದೆ. ಬಟ್ಟೆ ಒಣಗಲ್ಲ, ಜೋಳದ ಹಿಟ್ಟು ಮುಗ್ಗಲು ಹಿಡಿಯುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಕಡಲನ್ನೂ ನೋಡಬೇಕು. ಆಮೇಲೆ ಏಪ್ರಿಲ್, ಮೇ ತಿಂಗಳೂ ಅಲ್ಲಿ ಕಳೆಯಿರಿ. 34 ಡಿಗ್ರಿ ಅಂದರೆ ನಮಗೆ ನಗು, ಆದರೆ ಅಲ್ಲಿ ಬೆವರು ಆರುವುದೇ ಇಲ್ಲ. ಮನೆಯ ದೊಡ್ಡ ಕೂಲರ್ ಒಯ್ಯುವ ಯೋಚನೆ ಶರಣಪ್ಪ ಅವರದು! ಕೂಲರ್ ನಡೆಯೋದು ನಮ್ಮ ಒಣ ಹವೆಯಲ್ಲಿ. ಅಲ್ಲಿ ಅದು ಸುಮ್ನೆ ಇನ್ನಷ್ಟು ತೇವ ಊದುತ್ತದೆ.

ಹಾಗಂತ ಕರಾವಳಿ ಕೊಡುವುದು ಕಡಿಮೆಯಲ್ಲ. ಮಳೆ ಮುಗಿದ ಮೇಲೆ ಫೆಬ್ರವರಿವರೆಗೆ ಬೆಳಗ್ಗೆ, ಸಂಜೆ ಹಾಯಾಗಿ ನಡೆಯಬಹುದು. ಮಣಿಪಾಲದ ದೊಡ್ಡ ಆಸ್ಪತ್ರೆ ಹತ್ತಿರ. ಒಳ ಊರುಗಳಿಗೂ ಬಸ್ಸಿವೆ. ಮನೆಯಲ್ಲಿ ತುಳು, ಕೊಂಕಣಿ ಆಡುವವರೂ ಹೊರಗಿನವರ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಊರೂರಿಗೆ ಭಜನಾ ಮಂದಿರಗಳಿವೆ ಅಂದಾಗ ಮಹಾನಂದಾ ಮೊದಲ ಸಲ ಪ್ರಶ್ನೆ ಕೇಳಿದರು: "ಹೊರಗಿನವ್ರಿಗಿ ಸೇರಿಸ್ಕೋತಾರೇನ್ರಿ?" ಹೋಗಿ ಕೇಳಿ ಅಂದೆ.

ಬಾಡಿಗೆ ಮನೆ ಆರಿಸುವುದು ಮಹಾನಂದಾ ಅವರಿಗೇ ಬಿಟ್ಟಿದ್ದು. ಸಮುದ್ರ ಕಾಣದಿದ್ದರೂ ನಡೆಯುತ್ತದೆ, ಗುಡಿ ಮತ್ತು ಬಸ್ ಸ್ಟಾಪ್ ಕಾಲ್ನಡಿಗೆಯಲ್ಲಿರಬೇಕು. ಮುಂದೆ ಜಾಗ ಕೊಳ್ಳುವುದಾದರೆ ಎರಡು ವಿಷಯ ನೋಡಿಕೊಳ್ಳಿ ಅಂದೆ. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡ ಕಟ್ಟುವುದಕ್ಕೆ ಕಡಿವಾಣ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಇನ್ನು ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತಾ ಅಂತ ಪಕ್ಕದ ಮನೆಯವರನ್ನೇ ಕೇಳಬೇಕು.

ಶರಣಪ್ಪ ಅವರಿಗೆ ಇಲ್ಲೇ ಮಾಡುವ ಒಂದು ಕೆಲಸವನ್ನೂ ಕೊಟ್ಟೆ. ಹೋಗುವವರೆಗೆ ಓಣಿಯ ಹಿರಿಯರಿಗೆ ಪಿಂಚಣಿ, ಪಹಣಿ ಅರ್ಜಿ ಬರೆದುಕೊಡೋದು. ಗೊಣಗಿದರು, ಆದರೆ ಶುರು ಮಾಡಿದರು.

ಮಹಾನಂದಾ ಒಂದೇ ಷರತ್ತು ಹಾಕಿದರು: ಹೋಳಿ ಆದ ಮೇಲೆ ಶರಣಬಸವೇಶ್ವರರ ಜಾತ್ರೆಗೆ ಊರಲ್ಲಿರಬೇಕು. ಶರಣಪ್ಪ ಒಪ್ಪಿದರು, ಬ್ರೋಕರ್‌ಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದರು. ಮಳೆಗಾಲ ಮುಗಿಸಿಕೊಂಡು ಇಬ್ಬರೂ ಮತ್ತೆ ನನ್ನನ್ನು ನೋಡಲು ಬರುತ್ತಾರೆ.